ಹೆಸರುಗಳನ್ನು ಕಾಯ್ದ ಅಮೀನಾಬೀ ಅಕ್ಕೋರು

ಕುಷ್ಠರೋಗ ನಿವಾರಣೆಯ ಕೆಲಸದಲ್ಲಿ ಔಷಧ ಕೊಟ್ಟವರನ್ನು ಜನ ನೆನೆಯುತ್ತಾರೆ, ಹುಣ್ಣು ತೊಳೆದವರನ್ನೂ ನೆನೆಯುತ್ತಾರೆ. ಲೆಕ್ಕ ಇಟ್ಟವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ನಮ್ಮ ಕುಷ್ಠರೋಗ ಚಿಕಿತ್ಸಾ ಕೇಂದ್ರದ ಮೇಲೆ ಜನರಿಗೆ ಇಂದು ಏನಾದರೂ ವಿಶ್ವಾಸ ಉಳಿದಿದ್ದರೆ, ಅದರ ದೊಡ್ಡ ಪಾಲು ಅಂಕಿಅಂಶ ವಿಭಾಗದ ಮುಖ್ಯಸ್ಥೆಯಾಗಿ ಈ ವರ್ಷ, 1989ರಲ್ಲಿ, ನಿವೃತ್ತರಾಗುತ್ತಿರುವ ಶ್ರೀಮತಿ ಅಮೀನಾಬೀಯವರಿಗೆ ಸಲ್ಲಬೇಕು. ಇಂಥ ಅಭಿನಂದನ ಗ್ರಂಥಗಳಲ್ಲಿ ನಿವೃತ್ತರಾಗುವವರೆಲ್ಲ ಅಜಾತಶತ್ರುಗಳು, ಮಿತಭಾಷಿಗಳು, ಮೃದುಸ್ವಭಾವದವರು ಆಗಿರುತ್ತಾರೆ. ನಮ್ಮ ಅಕ್ಕೋರು ಈ ಮೂರರಲ್ಲಿ ಒಂದೂ ಅಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಸಂಪಾದಕರು ಈ ಸಾಲನ್ನು ತೆಗೆದರೆ ನಾನು ಲೇಖನವನ್ನೇ ವಾಪಸು ಕೇಳುವವಳು.

ನಾನು ಅವರನ್ನು ಮೊದಲು ಕಂಡದ್ದು 1970ರಲ್ಲಿ, ಯಲಬುರ್ಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ, ಗಣಿತದ ಶಿಕ್ಷಕಿಯಾಗಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ಅವರು ಇಂದಿಗೂ ನನಗೆ ಅಕ್ಕೋರೇ. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದಲ್ಲಿ ಗಣಿತ ಓದಿ ಬಂದ ಅವರು, ರಾಜ್ಯ ಒಂದಾದ ಮೇಲೆ ಕನ್ನಡದ ಅಕ್ಷರಗಳನ್ನು ಒಂದನೆಯ ತರಗತಿಯ ಪುಸ್ತಕದಿಂದಲೇ ಕಲಿತವರು. ಲೆಕ್ಕವನ್ನು ಕನ್ನಡದಲ್ಲಿ ಬರೆದರೂ ಬಾಯಲ್ಲಿ ಎಣಿಸುವುದು ಉರ್ದುವಿನಲ್ಲಿ. ಹೀಗಾಗಿ ನಮ್ಮ ತರಗತಿಯ ಹುಡುಗಿಯರಿಗೆಲ್ಲ ಮಗ್ಗಿ ಎರಡೂ ಭಾಷೆಗಳಲ್ಲಿ ಬರುತ್ತಿತ್ತು, ತಪ್ಪು ಮಾತ್ರ ಎರಡರಲ್ಲೂ ಒಂದೇ. ಅದಕ್ಕೆ ಅವರ ಬೈಗುಳ ಅಚ್ಚ ಕನ್ನಡದಲ್ಲಿ ಬರುತ್ತಿತ್ತು.

ಮುಂದೆ ಅವರಿಗೆ ಕುಷ್ಟಗಿಗೆ ವರ್ಗವಾಯಿತು. ಅಲ್ಲಿ ನಡೆದ ಒಂದು ಸಂಗತಿ ಅವರ ಬದುಕಿನ ದಾರಿಯನ್ನೇ ತಿರುಗಿಸಿತು. ರೋಗಿಗಳ ಸಮೀಕ್ಷೆಗೆ ಬಂದಿದ್ದ ಒಂದು ತಂಡದವರು ಊರ ಚಾವಡಿಯಲ್ಲಿ ನಿಂತು, ಯಾರ ಯಾರ ಮೈಮೇಲೆ ಮಚ್ಚೆ ಸಿಕ್ಕಿದೆ ಎಂಬುದನ್ನು ಹಾಜರಿ ಕೂಗಿದಂತೆ ಕೂಗಿ ಓದಿದರು. ಅದರಲ್ಲಿ ಅಕ್ಕೋರ ತರಗತಿಯ ಒಬ್ಬ ಹುಡುಗಿಯ ಹೆಸರೂ ಇತ್ತು. ಮರುದಿನ ಆ ಮನೆಗೆ ಬೀಗ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ; ಗುಣವಾಗುವ ರೋಗ ಗುಣವಾಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅಕ್ಕೋರು ಖಾಯಂ ನೌಕರಿಗೆ ರಾಜೀನಾಮೆ ಕೊಟ್ಟು 1974ರಲ್ಲಿ ಕೊಪ್ಪಳದ ನಮ್ಮ ಕೇಂದ್ರ ಸೇರಿದರು. ಹುಚ್ಚು ಹಿಡಿದಿದೆ ಎಂದವರು ಬಹಳ ಮಂದಿ. ಹಾಗೆ ಅಂದವರಲ್ಲಿ ಕೆಲವರು ಈ ಗ್ರಂಥಕ್ಕೂ ಲೇಖನ ಬರೆದಿದ್ದಾರೆಂದು ಕೇಳಿದೆ, ಸಂತೋಷ.

ಕೇಂದ್ರದಲ್ಲಿ ಅವರು ತಂದ ಪದ್ಧತಿ ಸರಳವಾದದ್ದು, ಆದರೆ ಕಟ್ಟುನಿಟ್ಟಿನದು. ಔಷಧದ ಚೀಟಿಯ ಮೇಲೆ ಬರೀ ಸಂಖ್ಯೆ. ಆ ಸಂಖ್ಯೆ ಯಾರದು, ಯಾವ ಊರು, ಯಾವ ಓಣಿ ಎಂಬುದು ಅವರ ಬೀರುವಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಔಷಧಕ್ಕೆ ಬಾರದವರನ್ನು ಹುಡುಕಿಕೊಂಡು ಹೋಗುವಾಗ ನಾವು ನೇರವಾಗಿ ಆ ಮನೆಗೆ ಹೋಗುವಂತಿರಲಿಲ್ಲ. ಕಣ್ಣಿನ ತಪಾಸಣೆ ಎಂದು ಓಣಿಯ ಎಲ್ಲ ಮನೆ ಹೊಕ್ಕು, ಎಲ್ಲರ ಕಣ್ಣು ನೋಡಿ, ಆ ಒಂದು ಮನೆಯಲ್ಲಿ ಮಾತ್ರ ಕೈಬೆರಳು ನೋಡಿ ಬರಬೇಕು. 1978ರಲ್ಲಿ ನಾನು ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿದಾಗ ಒಬ್ಬರಿಗಾಗಿ ಇಡೀ ಓಣಿಯ ಕಣ್ಣು ನೋಡಿ ನನ್ನ ಕಣ್ಣೇ ಹೋಗುತ್ತವೆ ಎಂದು ಗೊಣಗಿದ್ದೆ. ಅಕ್ಕೋರು ತಲೆಯೆತ್ತದೆ, "ಹೋಗಲಿ ಬಿಡು ಯಮನೂರಮ್ಮ, ನಿನಗ ಕನ್ನಡಕ ನಾ ಕೊಡಸ್ತೀನಿ" ಎಂದರು. ನಿಜವಾಗಿಯೂ ಕೊಡಿಸಿದರು, ಈ ಲೇಖನ ಬರೆಯುತ್ತಿರುವುದು ಅದೇ ಕನ್ನಡಕ ಹಾಕಿಕೊಂಡು.

1986ರಲ್ಲಿ ಹೊರದೇಶದ ದಾನಿಗಳು ಕೇಂದ್ರಕ್ಕೆ ಒಂದು ಕಂಪ್ಯೂಟರ್ ಕಳಿಸಿದರು. ನಿವೃತ್ತಿ ಹತ್ತಿರವಿದ್ದರೂ ಅಕ್ಕೋರು ಅದರ ಕೈಪಿಡಿಯನ್ನು ಪಾಠದಂತೆ ಓದಿ ಕಲಿತರು, ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಅದರೊಳಗೆ ಸೇರಿಸಿದರು, ಒಂದೊಂದು ಊರಿಗೆ ಒಂದೊಂದು ಫೈಲು ಮಾಡಿದರು. ಎರಡೆರಡು ಪ್ರತಿ ಫ್ಲಾಪಿಗಳಲ್ಲಿ ತೆಗೆದಿಟ್ಟು, ಬೀರುವಿನಲ್ಲಿದ್ದ ಕಾಗದಗಳನ್ನು ಹಿತ್ತಲಿನಲ್ಲಿ ತಾವೇ ನಿಂತು ಸುಟ್ಟರು. ಅಂದು ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಮರುವರ್ಷದ ದಸರೆಗೆ ಆ ನೆಮ್ಮದಿ ಹಾರಿಹೋಯಿತು. ಕಚೇರಿ ಸಹಾಯಕರಾದ ಬಾಲಪ್ಪನವರು ಬಹಳ ಶಿಸ್ತಿನ ಮನುಷ್ಯರು. ಆಯುಧಪೂಜೆಯ ಮುನ್ನಾದಿನ ಗೋಡೆಗೆ ಸುಣ್ಣ ಹೊಡೆಸಿ, ನೆಲ ತೊಳೆಸಿ, ಕಂಪ್ಯೂಟರಿನ ಹೊರಗೆಲ್ಲ ಒರೆಸಿದ ಮೇಲೆ ಒಳಗನ್ನೂ ಸ್ವಚ್ಛ ಮಾಡಬೇಕೆಂದು ಅವರಿಗೆ ಅನ್ನಿಸಿತು. ಫೈಲು ಅಳಿಸುವ ವಿದ್ಯೆಯನ್ನು ಅಕ್ಕೋರೇ ಕಲಿಸಿದ್ದರು. ಊರಿನ ಹೆಸರಿದ್ದ ಫೈಲುಗಳನ್ನು ಭಕ್ತಿಯಿಂದ ಉಳಿಸಿ, ಯಾವ ಊರಿನ ಹೆಸರೂ ಇಲ್ಲದವನ್ನು ಒಂದೊಂದಾಗಿ ತೆಗೆದುಹಾಕಿದರು. ಹಾಗೆ ಹೋದವುಗಳಲ್ಲಿ ಯಂತ್ರವನ್ನು ಎಬ್ಬಿಸಿ ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ, ಅಂದರೆ ಡಾಸ್‌ನ, ಮುಖ್ಯ ಫೈಲೂ ಒಂದು. ಪೂಜೆಯ ದಿನ, ಯಂತ್ರದ ಜೊತೆ ಬಂದಿದ್ದ ಡಾಸ್‌ನದನ್ನೂ ಸೇರಿಸಿ, ಎಲ್ಲ ಫ್ಲಾಪಿಗಳನ್ನು ಮಣೆಯ ಮೇಲೆ ಜೋಡಿಸಿ ನೀರಿನಲ್ಲಿ ಕಲಸಿದ ವಿಭೂತಿಯಿಂದ ಮೂರೆಳೆ ಎಳೆದು ನಡುವೆ ಕುಂಕುಮ ಇಟ್ಟರು. ಎಳೆದದ್ದಾದರೂ ಎಲ್ಲಿ? ಕಪ್ಪು ಕವಚದ ನಡುವೆ ಒಳಗಿನ ತಟ್ಟೆ ಕಾಣುವ ಆ ಪುಟ್ಟ ಕಿಟಕಿಯ ಮೇಲೆಯೇ. ಅದೇ ಅದರ ಮುಖವೆಂದು ಅವರು ತಿಳಿದಿದ್ದರು. ಪೂಜೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿದರು.

ಹಬ್ಬ ಮುಗಿಸಿ ಬಂದು ಯಂತ್ರ ಹಚ್ಚಿದರೆ ಪರದೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಸಾಲು, ಬೇಕಾದ ಫೈಲು ಇಲ್ಲವೆಂದು. ಫ್ಲಾಪಿಗಳು ಕರಕರ ಸದ್ದು ಮಾಡಿ ಸುಮ್ಮನಾದವು.

"ಆ ಹೆಸರಿನ ಊರು ನಮ್ಮ ಕಡೆ ಯಾವುದೂ ಇಲ್ಲರಿ ಅಕ್ಕೋರ. ಯಾರದೋ ಕಸ ಅಂತ ತಗದ ಒಗದೆ," ಎಂದು ಬಾಲಪ್ಪನವರು ಅಳತೊಡಗಿದರು. ಸಿಟ್ಟು ಬಂದರೆ ಕಚೇರಿಯ ಹೆಂಚು ಹಾರಿಸುವ ಅಕ್ಕೋರು ಅಂದು ಒಂದು ಮಾತೂ ಆಡಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಹುಬ್ಬಳ್ಳಿಯಿಂದ ಇಂಜಿನಿಯರ್ ಬಂದರು. ಒಳ್ಳೆಯ ತರುಣ. ತಮ್ಮ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ ನೋಡಿ ತಲೆಯಾಡಿಸಿದರು. "ಡಿಸ್ಕಿನಾಗ ಓದುವಂಥಾದ್ದು ಏನೂ ಉಳದಿಲ್ಲರಿ. ಫಾರ್ಮ್ಯಾಟ್ ಮಾಡಿದ್ರ ಹೊಸಾದರಂಗ ಆಗತೈತಿ."

"ಒಳಗ ಇದ್ದದ್ದು?"

"ಅದೆಲ್ಲಾ ಹೋಗತೈತ್ರಿ."

"ಅದು ಅಂತೀಯಲ್ಲಪಾ, ಮಂದಿ ಅದಾರ ಅದರಾಗ," ಎಂದರು ಅಕ್ಕೋರು.

ನಮ್ಮ ನಿರ್ದೇಶಕರಾದ ಡಾ. ವಿರುಪಣ್ಣನವರಿಗೆ ಔಷಧ ಹಂಚುವ ದಿನದ ಚಿಂತೆ. ಅಂದು ಬಾರದವರನ್ನು ಕೂಡಲೇ ಹುಡುಕಿ ಔಷಧ ಮುಟ್ಟಿಸದಿದ್ದರೆ ರೋಗ ಮರುಕಳಿಸುತ್ತದೆ, ಬೆರಳು ಹೋಗುತ್ತವೆ. "ಫಾರ್ಮ್ಯಾಟ್ ಮಾಡಸ್ರಿ ಅಮೀನಾಬೀಯವರ. ಮತ್ತ ಮನಿ ಮನಿಗೆ ಹೋಗಿ ಹೊಸದಾಗಿ ಬರಕೊಂಡ್ರಾತು," ಎಂದರು.

"ಯಾವ ಮನಿಗ್ರಿ ಡಾಕ್ಟರ? ಅದನ್ನ ಅಲ್ಲೇನು ಕಳಕೊಂಡದ್ದು? ಊರಾಗ ನಿಂತು, ರೋಗ ಇದ್ದವರು ಕೈ ಎತ್ರಿ ಅನ್ನೂದೇನು?"

ಹಳೆಯ ಕಾರ್ಯಕರ್ತರಲ್ಲಿ ಅರ್ಧಕ್ಕರ್ಧ ಜನ ಕೇಂದ್ರ ಬಿಟ್ಟುಹೋಗಿದ್ದರು. ನಮ್ಮ ನೆನಪಿನಲ್ಲಿದ್ದದ್ದು ಅಲ್ಲೊಂದು ಇಲ್ಲೊಂದು ಹೆಸರು. ವೈದ್ಯರು ಔಷಧದ ದಿನದವರೆಗೆ ಸಮಯ ಕೊಟ್ಟರು.

ಅಕ್ಕೋರು ಇಂಜಿನಿಯರರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ದಿನಾಲು ಎದ್ದ ಕೂಡಲೇ ಮೊದಲ ಸಾಲಿನಲ್ಲಿ ಡಾಸ್‌ನ ಆವೃತ್ತಿಯ ಸಂಖ್ಯೆ ತೋರಿಸುತ್ತಿತ್ತು. ಇಂಜಿನಿಯರರ ಫ್ಲಾಪಿ ತೋರಿಸಿದ್ದು ಅದಕ್ಕಿಂತ ಹಳೆಯ ಸಂಖ್ಯೆ. ಅದನ್ನು ಬೆರಳಿಟ್ಟು ತೋರಿಸಿ ಅಕ್ಕೋರು ಹೇಳಿದರು, "ರಾಜ್ಯ ಒಂದಾದ ಮ್ಯಾಲ ನಮ್ಮಪ್ಪನ ಹೊಲದ ಉರ್ದು ಕಾಗದ ತಗೊಂಡು ಒಂದು ಕಚೇರಿಗೆ ಹೋಗಿದ್ದೆ. ಹೊಸಾ ಗುಮಾಸ್ತ ಹಿಂದ ಮುಂದ ತಿರುವಿ, ಇದರಾಗ ಏನೂ ಬರದಿಲ್ಲ ಅಂದ. ಅವಗ ಉರ್ದು ಬರ್ತಿದ್ದಿಲ್ಲ, ಅಷ್ಟ. ನಿನ್ನ ಫ್ಲಾಪೀನೂ ಹಂಗ ಹೇಳಾಕತ್ತೈತಿ ನೋಡು."

ತರುಣ ಬೇಸರಿಸಿಕೊಳ್ಳಲಿಲ್ಲ, ಬದಲಿಗೆ ಹುರುಪುಗೊಂಡರು. ಹೌದು, ಹಳೆಯ ಡಾಸ್‌ಗೆ ಈ ದೊಡ್ಡ ಡಿಸ್ಕಿನ ರೀತಿ ತಿಳಿಯದಿರಬಹುದು. ಇದೇ ಆವೃತ್ತಿಯ ಫ್ಲಾಪಿ ಸಿಕ್ಕರೆ ಹೋದ ಫೈಲನ್ನಷ್ಟೇ ಮತ್ತೆ ಅದರ ಜಾಗದಲ್ಲಿ ಇಡಬಹುದು, ಉಳಿದದ್ದನ್ನು ಮುಟ್ಟಬೇಕಾಗಿಲ್ಲ ಎಂದರು. ಬೆಂಗಳೂರಿನಿಂದ ತರಿಸಲು ತಿಂಗಳು ಬೇಕು, ಆದರೆ ಗಂಗಾವತಿಯಲ್ಲಿ ಮರಳಿಯ ರಸ್ತೆಗೆ ಒಂದು ಬೀಜದ ಕಂಪನಿ ಇದೆ, ಅಲ್ಲಿ ಇಂಥದೇ ಯಂತ್ರ ನೋಡಿದ ನೆನಪು ಎಂದು ದಾರಿಯನ್ನೂ ಹೇಳಿದರು.

ಅಕ್ಕೋರು ನನ್ನನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಗಂಗಾವತಿಗೆ ಹೊರಟರು. ಕಂಪನಿಯ ವ್ಯವಸ್ಥಾಪಕರಾದ ರಾಜಾಸಾಬ ಎಂಬವರು ಚಹಾ ತರಿಸಿದರು, ಗೌರವದಿಂದ ಕೂರಿಸಿದರು, ಫ್ಲಾಪಿಯ ಮಾತು ಬಂದ ಕೂಡಲೇ ಕೈ ಮುಗಿದರು. ಹೊರಗಿನವರಿಗೆ ಯಂತ್ರ ಮುಟ್ಟಿಸಬಾರದೆಂದು ಮೇಲಿನವರ ಆಜ್ಞೆ. "ಅಂಥಾದ್ದೇನೈತ್ರಿ ನಿಮ್ಮ ಕಂಪ್ಯೂಟರಿನಾಗ?" ಎಂದು ಕೇಳಿದರು.

"ಅದನ್ನ ಹೇಳಾಕ ಬರೂದಿಲ್ಲರಿ," ಎಂದರು ಅಕ್ಕೋರು.

ಬೇಡಲು ಬಂದವರು ಆಡುವ ಮಾತೇ ಇದು ಎಂದು ನಾನು ಮನಸ್ಸಿನಲ್ಲಿಯೇ ಹಣೆ ಬಡಿದುಕೊಂಡೆ. ರಾಜಾಸಾಬರು ನನ್ನ ಹೆಗಲ ಚೀಲದ ಮೇಲಿದ್ದ ಕೇಂದ್ರದ ಹೆಸರನ್ನು ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು, "ನಮ್ಮ ಮನ್ಯಾಗೂ ಒಬ್ಬಾಕಿ ಇದ್ಲುರಿ. ಹಿಂದಿನ ಕ್ವಾಣಿಯೊಳಗ ಇಟ್ಟಿದ್ದಿವಿ. ಆಕಿ ಸತ್ತದ್ದೂ ಊರಿಗೆ ಗೊತ್ತಿಲ್ಲ." ಎದ್ದು ಹೋಗಿ ತಾವೇ ಒಂದು ಹೊಸ ಫ್ಲಾಪಿಯಲ್ಲಿ ಡಾಸ್ ತುಂಬಿಸಿ ತಂದುಕೊಟ್ಟರು. ಅಕ್ಕೋರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೆ ರೇಡಿಯೋ ಕಂಡು, ಅದರೊಳಗಿನ ಅಯಸ್ಕಾಂತ ಫ್ಲಾಪಿಯನ್ನು ಅಳಿಸೀತೆಂಬ ಹೆದರಿಕೆಗೆ, ಕೊಪ್ಪಳದವರೆಗೂ ನಿಂತೇ ಬಂದರು.

ಹೊಸ ಫ್ಲಾಪಿಯಿಂದ ಯಂತ್ರ ಎದ್ದಿತು. ಅಕ್ಕೋರು ಡಿಸ್ಕಿನೊಳಗೆ ಏನಿದೆಯೆಂದು ಕೇಳಿದರು. ಒಂದು ಗಳಿಗೆ ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಊರುಗಳು ಬರತೊಡಗಿದವು: ಇರಕಲ್ಲಗಡ, ಆನೆಗೊಂದಿ, ಮರಳಿ... ಸಾಲುಸಾಲಾಗಿ ಮೇಲೇರುತ್ತ ಹೋದವು. ಇಂಜಿನಿಯರ್ ಯಾರೂ ಹೇಳದೆಯೇ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ನನಗೆ ಅಳು ತಡೆಯಲಾಗಲಿಲ್ಲ. ಅಕ್ಕೋರು ಮಾತ್ರ ಮೊದಲು ಎಲ್ಲ ಊರುಗಳನ್ನೂ ಹೊಸ ಫ್ಲಾಪಿಗಳಿಗೆ ನಕಲು ಮಾಡಿದರು, ನಂತರ ಹೋದ ಫೈಲನ್ನು ಅದರ ಸ್ಥಾನದಲ್ಲಿರಿಸಿದರು, ಫ್ಲಾಪಿ ಹೊರಗೆ ತೆಗೆದು, ಯಂತ್ರ ಆರಿಸಿ ಮತ್ತೆ ಹಚ್ಚಿದರು. ಅದು ತಾನಾಗಿಯೇ ಎದ್ದಿತು. ಆಗಲೇ ಅವರು ಬಾಲಪ್ಪನವರನ್ನು ಕೂಗಿ, ಆವರೆಗೆ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದದ್ದು. ಕೊನೆಗೆ, "ಇನ್ನ ಮ್ಯಾಲ ಈ ಫ್ಲಾಪಿ ಎಲ್ಲಾ ನಿನ್ನ ಸುಪರ್ದಿ. ಪೂಜಿ ಮಾಡು, ಆದ್ರ ಪೆಟಗಿಗೆ ಮಾಡು," ಎಂದು ಬೀರುವಿನ ಕೀಲಿಯನ್ನು ಅವರ ಕೈಗೇ ಕೊಟ್ಟರು.

ಆ ತಿಂಗಳು ಔಷಧಕ್ಕೆ ಬಾರದೆ ಉಳಿದವರಲ್ಲಿ ಇರಕಲ್ಲಗಡದ ಆಚೆಯ ಹಳ್ಳಿಯ ಒಬ್ಬ ಹೆಣ್ಣುಮಗಳಿದ್ದಳು. ಸಣ್ಣವ್ವ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ, ಬರೆಯಲು ಆಕೆಯ ಒಪ್ಪಿಗೆ ಇದೆ. ಗುಳಿಗೆಯಿಂದ ಮೈಬಣ್ಣ ಕಪ್ಪಾಗುತ್ತದೆ, ಓಣಿಯವರು ಕೇಳುತ್ತಾರೆ ಎಂದು ಹೆದರಿ ಬಿಟ್ಟಿದ್ದಳು. ನಾನು ಓಣಿಯ ಕಣ್ಣೆಲ್ಲ ನೋಡಿ ಆ ಮನೆ ಮುಟ್ಟಿದಾಗ ಆಕೆಯ ಬೆರಳುಗಳು ಒಳಗೆ ಬಾಗಲು ತೊಡಗಿದ್ದವು. ಇನ್ನಷ್ಟು ತಡವಾಗಿದ್ದರೆ ಅವು ಹಾಗೆಯೇ ಉಳಿಯುತ್ತಿದ್ದವು.

ಒಬ್ಬರ ಚಿಕಿತ್ಸೆ ಮುಗಿದು ಗುಣವಾಯಿತೆಂದು ವೈದ್ಯರು ಬರೆದ ದಿನ, ಆ ಹೆಸರನ್ನು ಯಂತ್ರದಿಂದಲೂ ಫ್ಲಾಪಿಗಳಿಂದಲೂ ಅಳಿಸಿಬಿಡುವುದು ಅಕ್ಕೋರು ಹಾಕಿದ ನಿಯಮ. ಅಷ್ಟು ಪರದಾಡಿ ಉಳಿಸಿಕೊಂಡದ್ದನ್ನು ಅಳಿಸುವುದೇಕೆ, ಲೆಕ್ಕಕ್ಕೆ ಇರಲಿ ಎಂದು ದಾನಿಗಳು ಕೇಳಿದ್ದುಂಟು. "ಲೆಕ್ಕಕ್ಕ ಸಂಖ್ಯೆ ಸಾಕ್ರಿ. ಗುಣಾ ಆದಮ್ಯಾಲ ಅವರು ನಮ್ಮವರಲ್ಲ, ಊರವರು," ಎಂಬುದು ಅಕ್ಕೋರ ಉತ್ತರ. ಕಳೆದ ತಿಂಗಳು ಸಣ್ಣವ್ವನ ಸರದಿ ಬಂತು. ಆಕೆ ತಾನೇ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಿದ್ದಳು. ಅಳಿಸಲೇ ಎಂದು ಯಂತ್ರ ಕೇಳಿದಾಗ, "ನಾನ ಒತ್ತಲೇನ್ರಿ ಅಕ್ಕೋರ?" ಎಂದಳು. ಅಕ್ಕೋರು ಕುರ್ಚಿ ಬಿಟ್ಟು ಎದ್ದರು. ಸಣ್ಣವ್ವ ತೋರುಬೆರಳನ್ನು ನೇರ ಮಾಡಿ ಕೀಲಿಮಣೆಯ ಗುಂಡಿ ಒತ್ತಿದಳು. ಹೆಸರು ಹೋಯಿತು. ಅಕ್ಕೋರು ಆಕೆಯ ಬೆರಳಿಗೆ ಮುತ್ತು ಕೊಟ್ಟರು.

ಅಕ್ಕೋರು ಇನ್ನು ಸಂಬಳಕ್ಕೆ ಬರುವುದಿಲ್ಲ, ಆದರೆ ವಾರಕ್ಕೊಮ್ಮೆ ಬಂದು ಬೈದು ಹೋಗುವುದಾಗಿ ಮಾತು ಕೊಟ್ಟಿದ್ದಾರೆ. ನೂರು ವರ್ಷ ಬಾಳಲಿ ಎಂದು ಎಲ್ಲರೂ ಹಾರೈಸಿರುತ್ತಾರೆ. ಲೆಕ್ಕದ ಅಕ್ಕೋರಿಗೆ ಅಂದಾಜಿನ ಹಾರೈಕೆ ಸೇರುವುದಿಲ್ಲ. ಆ ಯಂತ್ರದೊಳಗೆ ಇನ್ನೂ ಊರುಗಳಿವೆ, ಊರುಗಳೊಳಗೆ ಹೆಸರುಗಳಿವೆ. ಕೊನೆಯ ಹೆಸರು ಅಳಿಸುವ ದಿನ ಪರದೆಯ ಮುಂದೆ ಅವರೇ ಕೂತಿರಲಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಅವರೇ ಕೇಳಲಿ, ಯಾರೂ ಇಲ್ಲವೆಂಬ ಉತ್ತರವನ್ನು ಅವರೇ ಓದಲಿ.