ಬಿದ್ದ ಮೂಗನ್ನು ಎತ್ತಿಕೊಡದ ಫಿಲ್‌ಸುನ್

“ಮೂರು ವಾರ ಸಾಕು ಅಂದಿದ್ರಿ! ಇವತ್ತಿಗೆ ನಲವತ್ತೊಂದು ದಿನ. ನನಗೆ ತಲೆ ಇಲ್ವಾ, ನಿಮಗೆ ಕಲಿಸೋಕೆ ಬರಲ್ವಾ?”

“ಕೂಗ್ಬೇಡಿ ಡ್ರೈವರ್ ಸಾಹೇಬ್ರೆ, ಇದು ಬಸ್ಸಲ್ಲ. ಮೂಗು ಬಿದ್ದಿದೆ, ಎತ್ಕೊಳ್ಳಿ. ಮೂರು ವಾರ ಅಂದಿದ್ದು ಹೆಣೆಯೋಕೆ. ತಪ್ಪು ತಿದ್ದೋಕಲ್ಲ.”

ಮೊಕ್ಪೊ ಬಂದರಿನ ಮೀನು ಮಾರುಕಟ್ಟೆಯ ಹಿಂದಿನ ಓಣಿ, ಬೆಳಗಿನ ಆರು ಗಂಟೆ. ಉಣ್ಣೆ ದಾರದ ಅಂಗಡಿಯ ಮಾ ಫಿಲ್‌ಸುನ್ ಬಾರ್ಲಿ ಚಹಾ ಕುದಿಸುತ್ತ, ತಲೆಯನ್ನೂ ಎತ್ತದೆ ಉತ್ತರ ಕೊಡುತ್ತಾರೆ. ಎದುರಿಗೆ ಕೆಂಡ ಕಾರುತ್ತಿರುವವರು ನಿವೃತ್ತ ಬಸ್ ಚಾಲಕ ಟಾಕ್ ಗಿಚೊಲ್, ವಯಸ್ಸು ಅರವತ್ತಮೂರು. ಇಲ್ಲಿನ ಮಾತಿನಲ್ಲಿ ಹೆಣಿಗೆಯ ಕುಣಿಕೆಗೂ ಮುಖದ ಮೂಗಿಗೂ ಒಂದೇ ಹೆಸರು. ಮೊದಲ ದಿನ “ನಿಮ್ಮ ಮೂಗು ಎಣಿಸಿ” ಎಂದಾಗ ಗಿಚೊಲ್ “ಒಂದೇ” ಎಂದಿದ್ದರು. ‘ಮೂಗು ಬಿತ್ತು’ ಎಂದರೆ ಎದೆಗುಂದಿತು ಎಂದೂ ಅರ್ಥ. ಈಗ ಅವರಿಗೆ ಎರಡೂ ಆಗಿದೆ.

ಶನಿವಾರ ಅವರ ಮೊಮ್ಮಗಳಿಗೆ ನೂರು ದಿನ ತುಂಬುತ್ತದೆ; ಇಲ್ಲಿ ಅದು ಮಗುವಿನ ಮೊದಲ ಹಬ್ಬ. ಅವಳ ಸ್ವೆಟರಿನ ಮುಂಭಾಗವನ್ನು ಹೆಂಡತಿ ಮುಗಿಸಿದ್ದರು, ಆಮೇಲೆ ಲಕ್ವ ಹೊಡೆದು ಬಲಗೈ ಬೆರಳು ಮಡಚದಂತಾಯಿತು. ಬೆನ್ನಿನ ಭಾಗ ಗಿಚೊಲ್ ಪಾಲಿಗೆ ಬಂತು. “ಅವಳೇ ಎರಡು ದಿನ ಕಲಿಸಿದ್ಳು. ಮೂರನೇ ದಿನ ವಕೀಲರನ್ನ ಹುಡುಕೋ ಹಾಗಾಯ್ತು,” ಎನ್ನುತ್ತಾರೆ.

ಒಂದೇ ವಾರದಲ್ಲಿ ಹೆಣಿಗೆ ಕಲಿಸುತ್ತೇವೆ ಎಂದು ಬೋರ್ಡ್ ಹಾಕುವವರು ಶುದ್ಧ ಸುಳ್ಳರು. ಫಿಲ್‌ಸುನ್ ಬೋರ್ಡನ್ನೇ ಹಾಕಿಲ್ಲ. ಮೂವತ್ತೊಂದು ವರ್ಷ, ಏಳು ಸ್ಟೂಲು, ದಿನಕ್ಕೆ ಹದಿನೈದು ಜನ. ದಾರ ಕೊಂಡರೆ ಪಾಠ ಪುಕ್ಕಟೆ. ಇಷ್ಟು ವರ್ಷದಲ್ಲಿ ಯಾವ ಪತ್ರಿಕೆಯವನೂ ಈ ಓಣಿಗೆ ತಲೆ ಹಾಕಿಲ್ಲ. ಅವರು ಮೊದಲು ಮೀನು ಸೀಳುತ್ತಿದ್ದವರು. “ಕಡ್ಡಿ ಹಿಡಿದಾಗ ನನಗೆ ಮೂವತ್ತಾರು. ಒಂದು ಕೈಗವಸಿಗೆ ಇಡೀ ಚಳಿಗಾಲ ಹಿಡೀತು. ಅದಕ್ಕೂ ಆರು ಬೆರಳು!”

ಗಿಚೊಲ್ ಹೆಣೆದದ್ದರಲ್ಲಿ ಹದಿನೆಂಟು ಸಾಲು ಕೆಳಗೆ ಒಂದು ಕುಣಿಕೆ ಜಾರಿದೆ. ಬಿಚ್ಚಿದರೆ ಒಂಬತ್ತು ದಿನದ ಕೆಲಸ ಹೋಯಿತು; ಶನಿವಾರಕ್ಕೆ ನಾಲ್ಕೇ ದಿನ.

“ಅಕ್ಕಾ, ನೀವೇ ಎತ್ತಿಬಿಡಿ. ನಿಮಗೆ ಒಂದು ನಿಮಿಷ.”

“ನಾನು ಎತ್ತಿದ್ರೆ ನಾಳೆ ಮತ್ತೆ ಬರ್ತೀರಿ.” ಫಿಲ್‌ಸುನ್ ಕೊಕ್ಕೆ ಕಡ್ಡಿ ಕೊಡುತ್ತಾರೆ. “ಮೂಗು ಜಾರಿದ ಜಾಗ ಏಣಿ ಥರ ಕಾಣುತ್ತಲ್ಲ? ಒಂದೊಂದೇ ಮೆಟ್ಟಿಲು ಹತ್ತಿಸಿ.”

ಬಂಗುಡೆ ಮಾರುವ ಬೊಕ್‌ಸಿಮ್ ಚಹಾ ಕುಡಿಯುವುದನ್ನೂ ಮರೆತು ನೋಡುತ್ತಾಳೆ. ಹನ್ನೊಂದನೇ ಮೆಟ್ಟಿಲಲ್ಲಿ ದಾರ ಸೀಳಿಕೊಳ್ಳುತ್ತದೆ. ಫಿಲ್‌ಸುನ್‌ರ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಎರಡೂ ಕೈ ತೊಡೆಯಡಿ ತುರುಕಿಕೊಂಡು ಕೂರುತ್ತಾರೆ. ಗಿಚೊಲ್ ಬೆವರುತ್ತಾರೆ, ಬೈಯುತ್ತಾರೆ, ಮತ್ತೆ ಸಿಕ್ಕಿಸುತ್ತಾರೆ. ಹದಿನೆಂಟು! ಕುಣಿಕೆ ಕಡ್ಡಿಯ ಮೇಲೆ ಕೂರುತ್ತದೆ. ಮೂವರೂ ಒಟ್ಟಿಗೆ ಉಸಿರು ಬಿಡುತ್ತಾರೆ.

“ಚಹಾ?”

“ಬೇಡ. ಹೆಂಡತಿಗೆ ತೋರಿಸ್ಬೇಕು.” ಗಿಚೊಲ್ ಹೆಣಿಗೆಯನ್ನು ಎದೆಗವಚಿಕೊಂಡು ಹೊರಟೇ ಬಿಡುತ್ತಾರೆ.

ಮರುದಿನ ಅವರ ಸುಳಿವಿಲ್ಲ. ಶನಿವಾರ ಕಳೆದು ಈಗ ಎರಡು ವಾರ.

“ಒಂದು ಮಾತೂ ಹೇಳ್ದೆ ಹೋದ್ನಲ್ಲ ಆ ಮುದುಕ!” ಬೊಕ್‌ಸಿಮ್ ಸಿಡುಕುತ್ತಾಳೆ. “ಮಧ್ಯದಲ್ಲಿ ಇನ್ನೊಂದು ಮೂಗು ಬಿದ್ದಿದ್ರೆ?”

“ಬೀಳದೆ ಇರುತ್ತಾ?” ಫಿಲ್‌ಸುನ್ ಖಾಲಿ ಸ್ಟೂಲನ್ನು ಹೊಸಬರೊಬ್ಬರತ್ತ ತಳ್ಳುತ್ತಾರೆ. “ಅವರೇ ಎತ್ಕೊಂಡಿರ್ತಾರೆ, ಬಿಡು.”