ಸರ್ವೆ ಕಲ್ಲು ಕಿತ್ತ ಸಂಜೆ

ಹಾಸನದಿಂದ ಮಂಗಳೂರಿನ ಕಡೆಗೆ ಹೊಸ ರೈಲುದಾರಿಯ ಸರ್ವೆ ನಡೆದಾಗ ನಮ್ಮ ಹೊಲದಲ್ಲಿ ಸುಣ್ಣ ಬಳಿದ ಕಲ್ಲೊಂದನ್ನು ನೆಟ್ಟು ಹೋದರು. ಕಲ್ಲು ಇದ್ದ ಕಡೆಗೇ ರೈಲು ಬರುತ್ತದೆ, ಪರಿಹಾರವೆಂಬುದು ಬರೀ ಮಾತು ಎಂದು ಊರೆಲ್ಲ ನಂಬಿತ್ತು. ಹೊಳೆನರಸೀಪುರದಲ್ಲಿ ದಿನವೂ ರೈಲು ನೋಡುತ್ತ ಹೈಸ್ಕೂಲು ಮುಗಿಸಿದ್ದ ನಾನೂ ನಂಬಿದ್ದೆ. ಒಂದು ಸಂಜೆ ಆ ಕಲ್ಲನ್ನು ಕಿತ್ತು ಪಕ್ಕದ ಹೊಲದಲ್ಲಿ ನೆಟ್ಟುಬಿಟ್ಟೆ.

ಆ ಹೊಲ ಊರ ಚಾಕರಿ ಮಾಡುವ ತೋಟಿಯದು. ಅವರಿಗೆ ಇದ್ದದ್ದು ಅದೊಂದೇ. ಮಾರನೆಯ ದಿನ ಅವರು ನಮ್ಮ ಜಗುಲಿಯ ಕೆಳಗೆ ನಿಂತು, "ಸರ್ಕಾರ ಕಿತ್ಕಳಕ್ಕೆ ಮುಂಚೆ ನೀವೇ ತಕ್ಕಳಿ ಗೌಡ್ರೇ, ಏನಾರ ಕೊಡಿ" ಎಂದರು. ರೈಲು ಒಂದು ಪಟ್ಟಿ ತಿಂದರೂ ಮಿಕ್ಕದ್ದು ದಕ್ಕುತ್ತದೆ ಎಂದು ಅಪ್ಪ ತೀರಾ ಅಗ್ಗಕ್ಕೆ ಮಾತಾಡಿ ಮುಗಿಸಿದರು. ನಾನು ಬಾಯಿ ಬಿಡಲಿಲ್ಲ.

ಕ್ರಯಪತ್ರ ಆಗುವ ಮೊದಲೇ ಸರ್ವೆಯವರು ಅಳತೆಯ ಸರಪಳಿ ಹಿಡಿದು ಮತ್ತೆ ಬಂದರು.

"ಯಾರ್ರೀ ಇದನ್ನ ಕಿತ್ತಿದ್ದು? ಪೋಲೀಸಿಗೆ ಕೊಡ್ತೀನಿ!" ಎಂದು ಸರ್ವೆ ಸಾಹೇಬರು ಗದರಿದರು.

ತೋಟಿ ನನ್ನ ಮುಖವನ್ನೊಮ್ಮೆ ನೋಡಿದರು; ಕಿತ್ತವನು ನಾನೇ ಎಂದು ಆಗಲೇ ಅವರಿಗೆ ಹೊಳೆದಿರಬೇಕು. "ಎತ್ತು ಮೈ ಉಜ್ಜಿ ಬೀಳಿಸ್ಬುಡ್ತು ಸಾ. ನಾನೇ ಗೊತ್ತಾಗ್ದೆ ಇಲ್ಲಿ ನೆಟ್ಟೆ."

ಬೈಗುಳವೆಲ್ಲ ಅವರ ಪಾಲಾಯಿತು. ಕಲ್ಲು ನಮ್ಮ ಹೊಲಕ್ಕೆ ಮರಳಿತು. ಅವರ ಹೊಲದ ಮಗ್ಗುಲಲ್ಲಿ ಸ್ಟೇಷನ್ ರಸ್ತೆ ಬರುತ್ತದೆಂದು ಸಾಹೇಬರೇ ಹೇಳಿದ ಮೇಲೆ ಮಾರಾಟದ ಮಾತು ನಿಂತಿತು.

ನಮಗೆ ಪರಿಹಾರವೂ ಬಂತು. ಮಣ್ಣಿನ ಕೆಲಸ ಶುರುವಾದಾಗ ಹಾಸನದ ವ್ಯಾಪಾರಿಗಳು ತೋಟಿಯ ಹೊಲ ಕೇಳಿಕೊಂಡು ಬಂದರು. ಅಪ್ಪ ಹೇಳಿದ್ದ ಬೆಲೆಗೆ ಈಗ ಅದರ ಒಂದು ಮೂಲೆಯೂ ಸಿಗುವಂತಿರಲಿಲ್ಲ. ಅವರು ರಸ್ತೆಯಂಚಿನ ತುಂಡನ್ನಷ್ಟೇ ಕೊಟ್ಟು, ಮಿಕ್ಕದ್ದರಲ್ಲಿ ಹೆಂಚಿನ ಮನೆ ಕಟ್ಟಿಕೊಂಡು, ಕೂಲಿಯಾಳುಗಳ ಮೇಸ್ತ್ರಿಯಾದರು. ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಕಂಟ್ರಾಕ್ಟರರ ಮುಂದೆ ನಿಲ್ಲಿಸಿ, "ಓದ್ಕಂಡವ್ರೆ ಸಾ, ಆಜರಿ ಬರಿಯಕ್ಕೆ ಮಡೀಕಳಿ" ಎಂದವರೂ ಅವರೇ. ನಾನು ಸಂಸಾರ ಹೂಡಿದ್ದು ಆ ಸಂಬಳದಲ್ಲಿ. ಇಂದಿಗೂ ಉಣ್ಣುವಾಗ ಅವರ ನೆನಪಾಗುತ್ತದೆ.

ಒಂದು ಬೆಳಿಗ್ಗೆ ಕೆಲಸದ ಜಾಗದಲ್ಲಿ ತಡೆಯಲಾರದೆ ಕೇಳಿದೆ: "ಅವತ್ತು ಯಾಕೆ ನನ್ನನ್ನ ಹಿಡ್ಕೊಡ್ಲಿಲ್ಲ?"

"ಕಲ್ಲು ಕಿತ್ರೆ ರೈಲು ಅತ್ಲಾಗೆ ಓಯ್ತದೆ ಅಂದ್ಕಂಡ್ರಲ್ಲ ಸಣ್ಣಗೌಡ್ರೇ! ಅಂತೋರ್ನ ಪೋಲೀಸ್ನೋರು ತಾನೆ ಕರ್ಕಂಡೋಗಿ ಏನ್ ಮಾಡಾರು?"

ಆಳುಗಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ನಿಮ್ಮ ಹೊಲ ಹೋಗ್ತಿತ್ತು. ತಪ್ಪಾಯ್ತು" ಎಂದೆ.

ಅವರೂ ನಗು ನಿಲ್ಲಿಸಿದರು. "ಓಗಿದ್ರೆ ನಿಮ್ಮನ್ನ ಬುಡ್ತಿರ್ಲಿಲ್ಲ ಕಣಪ್ಪ" ಎಂದು ಹೇಳಿ, ಆಳುಗಳನ್ನು ಹಾಜರಿಗೆ ಸಾಲಾಗಿ ನಿಲ್ಲಿಸಲು ಹೋದರು.