ತಂಗಿಯ ಪಾಲಿನ ಸಾಲು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದವಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಅವಳ ಗಂಟಲು ಕಂಚಾಗಿತ್ತು. ಅದನ್ನು ಮೊದಲು ಗುರುತಿಸಿದವನು ಅಣ್ಣ. ಹಾಡುಗಾರ, ಹೋರಾಟಗಾರ, ಊರಿಗೆಲ್ಲ ಅವನು ಅಣ್ಣನೇ, ಒಡಹುಟ್ಟಿದವಳು ಮಾತ್ರ ಇವಳೊಬ್ಬಳು.

ಅವನ ಹಾಡುಗಳೆಲ್ಲ ಪ್ರಶ್ನೆ, ಉತ್ತರ. "ಊರ ನೀರೆಲ್ಲ ಎಲ್ಲಿಗೆ ಹೋಯಿತಣ್ಣ?" ಎಂದು ಕೇಳಿ ಅವನು ನಿಲ್ಲಿಸುವನು. "ಗುತ್ತಿಗೆದಾರನ ತೋಟಕೆ ಹರಿಯಿತಣ್ಣ!" ಎಂದು ತಂಗಿ ಎತ್ತುವಳು. ಜನ ಕುಣಿದಾಡುವರು. ಕೇಳಿದವನ ಮೇಲೆ ಪೊಲೀಸರು ಏನಂತ ಕೇಸು ಹಾಕಿಯಾರು? ಹೇಳಿದವಳನ್ನು ಎಳೆದೊಯ್ಯುವರು. ಅಣ್ಣ ಒಂದು ಸಲ ಜೈಲು ಕಂಡರೆ ತಂಗಿ ಐದು ಸಲ ಕಂಡಳು. ಮೂರನೆಯ ಸಲಕ್ಕೆ ಆಸ್ಪತ್ರೆಯ ಕೆಲಸ ಹೋಯಿತು, ನಾಲ್ಕನೆಯದಕ್ಕೆ ಗಂಡ ಹೋದ. ಗಂಡನದೇನೂ ಅಂಥ ನಷ್ಟವಲ್ಲ, ಕೆಲಸ ಚೆನ್ನಾಗಿತ್ತು.

"ಪ್ರಶ್ನೆ ನೀನಿಟ್ಕೊಂಡು ಉತ್ತರ ನನ್ನ ತಲೆಗೆ ಕಟ್ತೀಯಲ್ಲೋ," ಎಂದು ಒಮ್ಮೆ ಜಗಳ ತೆಗೆದಿದ್ದಳು.

"ನಿನ್ನ ಗಂಟಲು ನನಗೆಲ್ಲಿದೆಯೇ?" ಎಂದು ಅವನು ನಕ್ಕುಬಿಟ್ಟ. ಆ ಒಂದು ಮಾತಿಗೆ ಕರಗಿ ನೀರಾದಳು, ದಡ್ಡಿ.

ಅಣ್ಣ ಸತ್ತು ತಿಂಗಳಿಗೆ ನುಡಿನಮನ ಏರ್ಪಾಡಾಯಿತು. ಅಣ್ಣನ ಹೋರಾಟದ ಸಂಘದ ಕಾರ್ಯದರ್ಶಿ ಮನೆಗೇ ಬಂದ.

"ಅಕ್ಕಾ, ನೀವು ಮುಂದಿನ ಕುರ್ಚೀಲೇ ಕೂತ್ಕೋಬೇಕು."

"ಹಾಡೋದು ಯಾವಾಗಪ್ಪಾ?"

"ಹಾಡೋದೇನಿಲ್ಲ, ಕ್ಯಾಸೆಟ್ ಹಾಕ್ತೀವಿ."

ಕಾಯಿಲೆಯ ದಿನಗಳಲ್ಲಿ ಯಾರೋ ಅಣ್ಣನೊಬ್ಬನನ್ನೇ ಕೂರಿಸಿ ಮುದ್ರಿಸಿಕೊಂಡ ಕ್ಯಾಸೆಟ್ಟು ಅದು. ಪ್ರತಿ ಪ್ರಶ್ನೆಯ ನಂತರವೂ ಅವನು ಅಭ್ಯಾಸಬಲದಿಂದ ತಂಗಿಗೆಂದು ಜಾಗ ಬಿಟ್ಟು ಕಾದಿದ್ದ.

"ಆ ಜಾಗದಲ್ಲಿ ನಾನು ಹೇಳ್ತೀನಿ. ಒಂದೇ ಒಂದು ಸಲ. ಅವನ ಹಾಡು ಅರ್ಧಕ್ಕೆ ನಿಲ್ಲಬಾರದು."

"ನೋಡೋಣ ಅಕ್ಕಾ," ಎಂದ ಅವನು. ನೋಡೋಣ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಅವಳು ಮಾತ್ರ ವಾರವಿಡೀ ಬಿಸಿನೀರು ಕುಡಿದು ಗಂಟಲು ಕಾಯ್ದುಕೊಂಡಳು.

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತವನನ್ನು ಕಂಡಾಗಲೇ ಅವಳಿಗೆ ಅರ್ಥವಾಗಬೇಕಿತ್ತು. ಅದೇ ಗುತ್ತಿಗೆದಾರ, ಈಗ ಮಂತ್ರಿ. ಸಭಾಂಗಣದ ಬಾಡಿಗೆಯೂ ಅವನದೇ, ಕಣ್ಣೊರೆಸಿಕೊಳ್ಳಲು ಬಿಳಿ ಕರವಸ್ತ್ರವನ್ನೂ ತಂದಿದ್ದ.

ಕ್ಯಾಸೆಟ್ಟು ತಿರುಗಿತು. "ಊರ ನೀರೆಲ್ಲ ಎಲ್ಲಿಗೆ ಹೋಯಿತಣ್ಣ?"

ಅವಳು ಎದ್ದು ನಿಂತು ಹೊಟ್ಟೆ ತುಂಬ ಉಸಿರೆಳೆದಳು. ಕಾರ್ಯದರ್ಶಿ ಕ್ಯಾಸೆಟ್ ನಿಲ್ಲಿಸಿ ಮೈಕಿಗೆ ಹಾರಿದ.

"ಅಗಲಿದ ಅಣ್ಣನಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ!"

ಸಭೆಯೇ ಎದ್ದಿತು. ಆ ಉತ್ತರಕ್ಕೆ ಒಂದು ಕಾಲದಲ್ಲಿ ಕುಣಿದವರೆಲ್ಲ ತಲೆ ತಗ್ಗಿಸಿ ನಿಂತರು. ಅಣ್ಣನ ಹೆಸರಿನ ಮೌನವನ್ನು ತಂಗಿಯೇ ಮುರಿಯುವುದು ಹೇಗೆ? ತೆರೆದ ಬಾಯಿಯನ್ನು ಅವಳು ಮುಚ್ಚಿಕೊಂಡಳು. ಕಣ್ಣೀರು ಧಾರಾಕಾರ ಇಳಿಯಿತು. "ದುಃಖ ತಡ್ಕೋ ಅಕ್ಕಾ," ಎಂದು ಪಕ್ಕದವಳು ಪಿಸುಗುಟ್ಟಿ ಕೈ ಹಿಡಿದುಕೊಂಡಳು. ಅದು ದುಃಖವಲ್ಲ, ಸಿಟ್ಟು.

ನಿಮಿಷ ಮುಗಿದದ್ದೇ ಮಂತ್ರಿ ಮೈಕಿನ ಮುಂದೆ ಬಂದು ಕರವಸ್ತ್ರ ಬಿಚ್ಚಿದ.

"ಅಣ್ಣ ಎಂಥೆಂಥ ಪ್ರಶ್ನೆ ಕೇಳಿದ್ರು! ಇವತ್ತಿಗೂ ನಮ್ಮ ಯಾರ ಹತ್ರಾನೂ ಅದಕ್ಕೆ ಉತ್ತರ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ಪಕ್ಕದವಳೂ ಅವಳ ಕೈ ಬಿಟ್ಟು ತಟ್ಟಿದಳು.